ಹಿಂದ ನಿಂತವನ ನೋಡು (ನಮ್ಮ ರಾಯಚೂರು ಕೋಟೆ, ಭಾಗ 3)

ಫ್ರೆಂಡ್ಸ್, ಮೊದಲು ಒಂದು ತಪ್ಪೊಪ್ಪಿಗೆ. ಮೊದಲನೇ ಫೋಟೋದಲ್ಲಿ ಕಲ್ಲಿನ ಮೂಲೆಗೆ ಬೆಳ್ಳಗೆ ಗೀಚಿದ ಎರಡು ಅಕ್ಷರ ಕಾಣ್ತಿವೆಯಲ್ಲ, ಅದು ನನ್ನದೇ ಕೆಲಸ. ಒಂಬತ್ತನೇ ಕ್ಲಾಸಲ್ಲಿ ಕೈವಾರದ ಮೊನೆಯಿಂದ ಕೊರೆದಿದ್ದು. ಒಂದು ನನ್ನ ಹೆಸರಿನ ಅಕ್ಷರ, ಇನ್ನೊಂದು ನನ್ನ ಗೆಳೆಯನದು. ಆವತ್ತು ದೊಡ್ಡ ಸಾಧನೆ ಮಾಡಿದ ಹಾಗೆ ಇಬ್ಬರೂ ಕುಣಿದಿದ್ವಿ.

ನಮ್ಮ ಕೋಟೆ ಇಡಿಯಾಗಿ ಉಳಿದಿಲ್ಲ, ನಿಮಗೂ ಗೊತ್ತು. ಇಲ್ಲೊಂದು ದರ್ವಾಜಾ, ಅಲ್ಲೊಂದು ಬುರುಜು, ನಡುವೆ ಮನೆ, ಅಂಗಡಿ, ರಸ್ತೆ. ದಿನಾ ಅದರ ಪಕ್ಕದಲ್ಲೇ ಓಡಾಡ್ತೀವಿ, ತಲೆ ಎತ್ತಿ ನೋಡಲ್ಲ. ಆದರೆ ಪಶ್ಚಿಮದ ಒಳಗೋಡೆಯಲ್ಲಿ ಒಂದು ಕಲ್ಲಿದೆ. ಉದ್ದ 41 ಅಡಿಗೂ ಹೆಚ್ಚು. ಒಂದೇ ಕಲ್ಲು! ಅದರ ಮೇಲೆ 1294ರ ಶಾಸನ ಇದೆ. ಕಾಕತೀಯರ ಕಾಲದಲ್ಲಿ ಈ ಗೋಡೆ ಕಟ್ಟಿಸಿದವರ ಹೆಸರು, ಗೆದ್ದ ಕೋಟೆಗಳ ಹೆಸರು ಅದರಲ್ಲಿವೆ. ಗೋಡೆಯ ದೊಡ್ಡ ಕಲ್ಲುಗಳ ನಡುವೆ ಗಾರೆ ಇಲ್ಲ, ಒಂದಕ್ಕೊಂದು ಕೂರಿಸಿದ್ದಾರೆ ಅಷ್ಟೇ.

ಕಳೆದ ಭಾನುವಾರ ಅಪ್ಪನನ್ನ ಕರ್ಕೊಂಡು ಹೋಗಿದ್ದೆ. ಅಪ್ಪ ಮಾರ್ಕೆಟ್‌ನಲ್ಲಿ ಹಮಾಲಿ. ಚೀಲಕ್ಕೆ ಇಷ್ಟು ಅಂತ ಕೂಲಿ. ಓದೋಕೆ ಬರಲ್ಲ. ನಾನು ಶಾಸನದ ಬಗ್ಗೆ ಇಸವಿ ಸಮೇತ ಭಾಷಣ ಶುರು ಮಾಡಿದೆ. ಅಪ್ಪ ಕೇಳಿಸಿಕೊಳ್ಳಲೇ ಇಲ್ಲ. ಅವರು ನೋಡ್ತಿದ್ದದ್ದು ಗೋಡೆಯಲ್ಲಿ ಗೆರೆ ಗೆರೆಯಾಗಿ ಕೊರೆದ ಚಿತ್ರವನ್ನ. ಉದ್ದನೆಯ ಕಲ್ಲನ್ನ ಬಂಡಿ ಮೇಲೆ ಹೇರಿದ್ದಾರೆ. ಮುಂದೆ ಜೋಡಿ ಜೋಡಿ ಜಾನುವಾರು, ಅವುಗಳನ್ನ ಹೊಡೆಯೋ ಜನ. ಹಿಂದೆ ಗಾಲಿಗೆ ಸನ್ನೆಗೋಲು ಕೊಟ್ಟು ನೂಕೋರು.

ಅಪ್ಪ ಹೇಳಿದ್ರು: ‘ಹಿಂದ ನಿಂತವನ ನೋಡಲೇ. ಬಂಡಿ ಜಾರಿದ್ರ ಮೊದಲು ಅವನ ಮ್ಯಾಲೇ ಬರ್ತದ.’

ನಾನು ಹತ್ತಾರು ಸಲ ಆ ಚಿತ್ರದ ಫೋಟೋ ತೆಗೆದಿದ್ದೀನಿ. ಒಂದು ಸಲವೂ ಇದು ಹೊಳೆದಿರಲಿಲ್ಲ.

ಮನೆಗೆ ಬಂದು 1520ರ ರಾಯಚೂರು ಯುದ್ಧದ ಬಗ್ಗೆ ಓದಿದೆ. ಕೃಷ್ಣೆ, ತುಂಗಭದ್ರೆ ನಡುವಿನ ಈ ದೋಆಬ್ ಪ್ರದೇಶಕ್ಕಾಗಿ ವಿಜಯನಗರ ಮತ್ತು ಬಿಜಾಪುರದವರು ಕಾದಾಡಿದ್ದು ನಮ್ಮ ಪಾಠದಲ್ಲೂ ಇತ್ತಲ್ಲ? ಪಾಠದಲ್ಲಿ ಇಲ್ಲದ್ದು ಇದು. ನೂನಿಜ್ ಅನ್ನೋ ಪೋರ್ಚುಗೀಸ್ ವ್ಯಾಪಾರಿ ಬರೆದ ಪ್ರಕಾರ, ಕೃಷ್ಣದೇವರಾಯನ ದಳಪತಿಗಳು ಗೋಡೆಯಿಂದ ಕಿತ್ತು ತಂದ ಕಲ್ಲುಗಳನ್ನ ಸೈನಿಕರಿಂದ ದುಡ್ಡು ಕೊಟ್ಟು ಕೊಳ್ತಿದ್ರಂತೆ. ಕಲ್ಲಿನ ಗಾತ್ರ ನೋಡಿ 10ರಿಂದ 50 ಹಣ, ಅಂದರೆ ಆಗಿನ ನಾಣ್ಯ. ಆ ಆಸೆಗೆ ಜನ ಸಾವಿನ ಭಯ ಮರೆತು ಗೋಡೆಗೆ ಹತ್ತಿದ್ರಂತೆ.

ಇದನ್ನ ಅಪ್ಪನಿಗೆ ಓದಿ ಹೇಳಿದೆ. ಅವರು ನಕ್ಕು, ‘ಹಂಗಾದ್ರ ಅದೂ ಹಮಾಲೀನೇ’ ಅಂದ್ರು.

ಯೋಚನೆ ಮಾಡಿ. ಹೊತ್ತವರು, ಕಿತ್ತವರು, ಯಾರ ಹೆಸರೂ ನಮಗೆ ಗೊತ್ತಿಲ್ಲ. ಅಷ್ಟು ಭಾರ ಎಳೆದವರಿಗೆ ಸಿಕ್ಕಿದ್ದು ಒಂದು ಗೆರೆಚಿತ್ರ. ಏನೂ ಎತ್ತದ ನಾನು ಅದೇ ಕೋಟೆ ಮೇಲೆ ನನ್ನ ಹೆಸರಿನ ಅಕ್ಷರ ಕೆತ್ತಿ ಬಂದಿದ್ದೀನಿ. ಅಪ್ಪನಿಗೆ ಅದನ್ನ ತೋರಿಸೋಕೆ ಇನ್ನೂ ಧೈರ್ಯ ಬಂದಿಲ್ಲ. ಉಜ್ಜಿ ಅಳಿಸೋಕೆ ಹೋದ್ರೆ ಕಲ್ಲು ಇನ್ನಷ್ಟು ಹಾಳಾಗುತ್ತೆ, ಹಾಗಾಗಿ ಅದು ಅಲ್ಲೇ ಇರುತ್ತೆ.

ನೀವು ಹೋದಾಗ ಜೇಬಿನಿಂದ ಮೊಬೈಲ್ ಮಾತ್ರ ತೆಗೀರಿ, ಬೀಗದ ಕೈ ಬೇಡ. ಆ ಚಿತ್ರ ಹುಡುಕಿ. ರಾಜರ ಕಥೆ ನಾನು ಮುಂದಿನ ಭಾಗದಲ್ಲಿ ಹೇಳ್ತೀನಿ. ನೀವು ಮೊದಲು ಬಂಡಿಯ ಹಿಂದೆ ನಿಂತವನನ್ನ ನೋಡಿ ಬನ್ನಿ.

#ರಾಯಚೂರುಕೋಟೆ #ನಮ್ಮೂರಗೋಡೆ