ಹೊಳೆಯಾಚೆಯವರ ಪಾಳಿ

ಶಿರಸಿಯ ಶಂಕರಹೊಂಡದಲ್ಲಿ ಹುಟ್ಟಿ, ಸಿದ್ದಾಪುರ ತಾಲೂಕಿನ ಉಂಚಳ್ಳಿಯಲ್ಲಿ 116 ಮೀಟರ್ ಎತ್ತರದಿಂದ ಧುಮುಕಿ, ಕುಮಟಾ ತಾಲೂಕಿನಲ್ಲಿ ಅರಬ್ಬಿ ಸಮುದ್ರ ಸೇರುವ ಹೊಳೆ ಅಘನಾಶಿನಿ. ಹುಟ್ಟಿನಿಂದ ಕೊನೆಯವರೆಗೂ ದೊಡ್ಡ ಅಣೆಕಟ್ಟೆಯೊಂದನ್ನೂ ಕಾಣದ ನದಿ ಎಂಬುದು ಇದರ ಹೆಗ್ಗಳಿಕೆ. ಅಳಿವೆಯ ಉತ್ತರಕ್ಕೆ ತದಡಿ, ದಕ್ಷಿಣಕ್ಕೆ ಹೊಳೆಯ ಹೆಸರನ್ನೇ ಹೊತ್ತ ಅಘನಾಶಿನಿ ಊರು. ಮಧ್ಯೆ ದೋಣಿ ದಾಟುವ ತಾರಿ. 2024ರ ಜನವರಿಯಲ್ಲಿ ಈ ಅಳಿವೆ ಅಂತಾರಾಷ್ಟ್ರೀಯ ಮಹತ್ವದ ಜೌಗುನೆಲಗಳ ರಾಮ್ಸರ್ ಪಟ್ಟಿಗೆ ಸೇರಿತು.

ಪ್ರವಾಸಿಗರು ಇಲ್ಲಿಗೆ ಬರುವುದು ಚಳಿಗಾಲದಲ್ಲಿ. ಗೋಕರ್ಣ ನೋಡಿ, ಮಿರ್ಜಾನ ಕೋಟೆ ಹತ್ತಿ, ಸಾಣಿಕಟ್ಟೆಯ ಉಪ್ಪಿನ ರಾಶಿಗಳ ಫೋಟೊ ತೆಗೆದುಕೊಂಡು ಹೋಗುತ್ತಾರೆ. ಆದರೆ ಇಲ್ಲಿಯ ಜನಜೀವನವನ್ನು ತಿಳಿಯಬೇಕಾದರೆ ಜೂನ್ ತಿಂಗಳಲ್ಲಿ ಬರಬೇಕು. ಆಗ ತಾರಿಯಲ್ಲಿ ಮೀನುಬುಟ್ಟಿಗಳಿಗಿಂತ ಹೆಚ್ಚಾಗಿ ಕಾಣುವುದು ಪ್ಲಾಸ್ಟಿಕ್ ಚೀಲದೊಳಗೆ ಮಡಿಸಿಟ್ಟ ಅಂಕಪಟ್ಟಿಗಳು. ಅದನ್ನು ಕೊಡೆಯಡಿ ಎದೆಗವಚಿಕೊಂಡ ಹುಡುಗ, ಪಕ್ಕದಲ್ಲಿ ಅಪ್ಪ ಅಥವಾ ಆಯಿ. ಇವರ ಯಾತ್ರೆ ಕಾಲೇಜಿನ ಕಿಟಕಿಯತ್ತ.

ಉಬ್ಬರದ ಗಡಿಯಾರ

ಕಾಲೇಜು ಪ್ರವೇಶದ ದಿನಗಳು ಬರುವುದೇ ಅಳಿವೆಯ ಬಡತನದ ದಿನಗಳಲ್ಲಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಮೀನು ಮರಿಯಿಡುವ ಕಾಲವೆಂದು ಈ 61 ದಿನ ಬಲೆಗಳು ಮೇಲೇರುತ್ತವೆ. ಮಳೆಗೆ ಉಪ್ಪಿನ ಆಗರದ ಕೆಲಸ ನಿಲ್ಲುತ್ತದೆ. ಹೊಳೆಯ ನೀರು ಸಿಹಿಯಾಗುತ್ತಿದ್ದಂತೆ ಬಳಚು ಹೆಕ್ಕುವವರ ಕೈಯೂ ಖಾಲಿ. ಗಜನಿಯಲ್ಲಿ ಉಪ್ಪುನೀರು ತಾಳುವ ಕಗ್ಗ ಭತ್ತ ಬಿತ್ತುವವರಿಗೆ ಇದು ಖರ್ಚಿನ ತಿಂಗಳೇ ಹೊರತು ಆದಾಯದ ತಿಂಗಳಲ್ಲ. ಶುಲ್ಕದ ಹಣ ಹೊಂದಿಸಬೇಕಾದುದು ಮಾತ್ರ ಈಗಲೇ.

ಹಣದ ಜೊತೆಗೆ ಹೊತ್ತಿನ ಲೆಕ್ಕವೂ ಇದೆ. ಕರಾವಳಿಯಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಭೂಮಿ ಒಂದು ಸುತ್ತು ತಿರುಗುವಷ್ಟರಲ್ಲಿ ಚಂದ್ರ ತನ್ನ ಪಥದಲ್ಲಿ ಸ್ವಲ್ಪ ಮುಂದೆ ಸರಿದಿರುತ್ತಾನೆ. ಹಾಗಾಗಿ ಇಂದಿನ ಉಬ್ಬರ ನಾಳೆ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ನೀರಿನ ಏರಿಳಿತ ಹೆಚ್ಚು. ಜೂನ್‌ನಲ್ಲಿ ಗಾಳಿ ಎದ್ದಾಗ, ಮೇಲಿನಿಂದ ಕೆಂಪು ನೆರೆನೀರು ಇಳಿದಾಗ ದೋಣಿಯವನು ಲಂಗರು ತೆಗೆಯಲು ಹಿಂಜರಿಯುತ್ತಾನೆ. ಕಾಲೇಜಿನ ಕಚೇರಿಯ ಗಡಿಯಾರಕ್ಕೆ ಚಂದ್ರನ ಪರಿಚಯವಿಲ್ಲ. ಅದು ಹತ್ತೂವರೆಗೆ ಕಿಟಕಿ ತೆರೆಯುತ್ತದೆ, ಸಂಜೆ ಮುಚ್ಚುತ್ತದೆ.

ಗೋಕರ್ಣ, ತದಡಿ ಕಡೆಯವರಿಗೆ ಮಿರ್ಜಾನದ ಸುತ್ತುದಾರಿಯಲ್ಲಿ ಬಸ್ಸಿದೆ ನಿಜ. ಆದರೆ ಮೊದಲ ಬಸ್ಸು ಹಿಡಿದರೂ ಕುಮಟಾ ಪೇಟೆಯ ಹುಡುಗನಿಗಿಂತ ಮೊದಲು ಅವರು ಕಿಟಕಿ ಮುಟ್ಟಲಾರರು. ಸಂತೆಗುಳಿಯಾಚೆಯ ಘಟ್ಟದ ಮನೆಗಳಿಂದ ಬರುವವರ ಪಾಡೂ ಇದೇ.

ಕಿಟಕಿಯ ಮುಂದೆ ಒಂದು ರಾತ್ರಿ

ಅರ್ಜಿ ಫಾರ್ಮುಗಳನ್ನು ಕಚೇರಿಯ ಕಿಟಕಿಯಲ್ಲೇ ಹಂಚುತ್ತಿದ್ದ ವರ್ಷಗಳಲ್ಲಿ ರಾಜ್ಯದ ಬೇಡಿಕೆಯ ಕಾಲೇಜುಗಳೆದುರು ನಸುಕಿನಲ್ಲೇ ಸರದಿ ಸಾಲು ಬೆಳೆಯುತ್ತಿದ್ದುದು ಹಲವು ಪಾಲಕರ ನೆನಪಿನಲ್ಲಿದೆ. ವಿಜ್ಞಾನ ವಿಭಾಗಕ್ಕೆ, ಅದರಲ್ಲೂ ಗಣಕ ವಿಜ್ಞಾನವಿರುವ ವಿಷಯ ಸಂಯೋಜನೆಗೆ ಸೀಟು ಮಿತ. ‘ಮೊದಲು ಬಂದವರಿಗೆ ಆದ್ಯತೆ’ ಎಂಬ ಒಂದು ಸಾಲು ಸೂಚನಾ ಫಲಕದಲ್ಲಿ ಬಿದ್ದರೆ ಸಾಕು, ದೂರದವರು ಹಿಂದಿನ ಸಂಜೆಯೇ ಹೊರಡುತ್ತಿದ್ದರು. ಪೇಟೆಯಲ್ಲಿ ನೆಂಟರಿದ್ದವರು ಅವರ ಮನೆಯಲ್ಲಿ ಉಳಿದರು. ಇಲ್ಲದವರಿಗೆ ಬಸ್ ನಿಲ್ದಾಣದ ಬೆಂಚು, ಇಲ್ಲವೇ ಕಾಲೇಜಿನ ಜಗಲಿ.

ರಾತ್ರಿಯ ಸಾಲಿಗೆ ಅದರದೇ ಆದ ಕಾನೂನುಗಳು. ಪಡಿತರದ ಸೀಮೆಎಣ್ಣೆಗೆ ಕ್ಯಾನು ಇಟ್ಟು ಪಾಳಿ ಹಿಡಿಯುವಂತೆ ಇಲ್ಲಿ ಚೀಲ, ಚಪ್ಪಲಿ, ಕೊಡೆಗಳು ಮನುಷ್ಯರ ಪರವಾಗಿ ನಿಲ್ಲುತ್ತವೆ. ಒಬ್ಬ ಚುರುಕಿನ ಹುಡುಗ ನೋಟ್‌ಬುಕ್ಕಿನ ಹಾಳೆ ಹರಿದು ಹೆಸರುಗಳ ಪಟ್ಟಿ ಮಾಡುತ್ತಾನೆ. ಬೆಳಿಗ್ಗೆ ಜವಾನ ಬಂದು ‘ಆ ಪಟ್ಟಿ ನಮಗೆ ಗೊತ್ತಿಲ್ಲ’ ಎಂದರೆ ರಾತ್ರಿಯ ನಿದ್ದೆಗೆಟ್ಟದ್ದೆಲ್ಲ ವ್ಯರ್ಥ. ಎಲ್ಲಕ್ಕಿಂತ ಕಷ್ಟ ಹೆಣ್ಣುಮಕ್ಕಳದು. ಮಗನನ್ನು ಜಗಲಿಯಲ್ಲಿ ಮಲಗಲು ಬಿಡುವ ಮನೆಯವರು ಮಗಳನ್ನು ಬಿಡರು. ಅಪ್ಪ ಬೇರೆ ಊರಿನಲ್ಲಿ ದುಡಿಯುತ್ತಿದ್ದರೆ, ಜೊತೆಗೆ ಬರುವ ಅಣ್ಣ ಇಲ್ಲದಿದ್ದರೆ ಆ ಹುಡುಗಿಯ ವಿಷಯದ ಆಯ್ಕೆ ಅಲ್ಲಿಗೇ ಮುಗಿಯುತ್ತಿತ್ತು. ಉಳಿದದ್ದನ್ನು ತೆಗೆದುಕೊಳ್ಳುವುದು, ಇಲ್ಲವೇ ಬಿಡುವುದು.

‘ಮೊದಲು ಬಂದವರಿಗೆ’ ಎಂಬ ಮಾತು ನ್ಯಾಯವಾಗಿಯೇ ಕೇಳಿಸುತ್ತದೆ. ಶಿಫಾರಸು ಇಲ್ಲ, ಜಾತಿ ಕೇಳುವುದಿಲ್ಲ, ಎದ್ದು ಬಂದವನಿಗೆ ಸೀಟು. ಆದರೆ ಹೊಳೆಯ ದಂಡೆಯಲ್ಲಿ ನಿಂತು ಯೋಚಿಸಿದರೆ ಬೇರೆಯೇ ಕಾಣುತ್ತದೆ. ಆ ಸಾಲು ಅಳೆಯುವುದು ಓದಿನ ಆಸಕ್ತಿಯನ್ನಲ್ಲ, ಮನೆಯಿಂದ ಕಿಟಕಿಗಿರುವ ದೂರವನ್ನು.

ಲೆಕ್ಕ ಹೇಳುವುದೇನು?

ಇದನ್ನು ಹೈಸ್ಕೂಲ್ ಗಣಿತದಿಂದಲೇ ತಿಳಿಯಬಹುದು. ಒಬ್ಬ ಗುಮಾಸ್ತರು ಒಬ್ಬ ವಿದ್ಯಾರ್ಥಿಯ ದಾಖಲೆ ನೋಡಿ ರಸೀದಿ ಕೊಡಲು 6 ನಿಮಿಷ ಹಿಡಿಯುತ್ತದೆ ಎಂದುಕೊಳ್ಳೋಣ. ಗಂಟೆಗೆ 10 ಜನ. ಕಿಟಕಿ ದಿನಕ್ಕೆ 5 ಗಂಟೆ ತೆರೆದರೆ 50 ಜನ. ಮೊದಲ ದಿನವೇ 200 ಜನ ಬಂದರೆ 150 ಜನ ಬರಿಗೈಯಲ್ಲಿ ಮರಳಬೇಕು. ಮರುದಿನ ತಮ್ಮ ಸ್ಥಾನ ಉಳಿಯುವುದೆಂಬ ಭರವಸೆ ಇಲ್ಲದ್ದರಿಂದ ಅವರು ಮನೆಗೆ ಹೋಗುವುದಿಲ್ಲ. ರಾತ್ರಿಯ ಸಾಲು ಹುಟ್ಟುವುದು ಹೀಗೆ.

ಈಗ ಅದೇ ಕಿಟಕಿ, ಅದೇ ಗುಮಾಸ್ತರು, ಆದರೆ ಮೊದಲೇ ದಿನಾಂಕ, ಹೊತ್ತು ಬರೆದ ಚೀಟಿ ಹಂಚಿದ್ದಾರೆ ಎನ್ನೋಣ. ಕೆಲಸ ಮುಗಿಯಲು ಈಗಲೂ ನಾಲ್ಕು ದಿನವೇ ಬೇಕು. ಆದರೆ ಕಾಯುವವರು ಜಗಲಿಯ ಬದಲು ತಮ್ಮ ಮನೆಯಲ್ಲಿ ಕಾಯುತ್ತಾರೆ. ಖರ್ಚು ಒಂದು ರಟ್ಟಿನ ಚೀಟಿ ಮಾತ್ರ.

ಸರದಿ ಸಾಲಿನ ಗಣಿತಕ್ಕೆ ಒಂದು ಶತಮಾನ ಮೀರಿದ ಇತಿಹಾಸವಿದೆ. ಡೆನ್ಮಾರ್ಕಿನ ಎರ್ಲಾಂಗ್ ಎಂಬ ಗಣಿತಜ್ಞ ಕೋಪನ್‌ಹೇಗನ್ನಿನ ದೂರವಾಣಿ ಕಂಪನಿಯಲ್ಲಿದ್ದಾಗ, ಎಷ್ಟು ತಂತಿಗಳಿದ್ದರೆ ಜನ ಎಷ್ಟು ಹೊತ್ತು ಕಾಯಬೇಕಾಗುತ್ತದೆ ಎಂಬುದನ್ನು ಲೆಕ್ಕ ಹಾಕಲು ಹೊರಟು 1909ರಲ್ಲಿ ತನ್ನ ಮೊದಲ ಲೇಖನ ಪ್ರಕಟಿಸಿದ. ಕಿಟಕಿಯ ಸಾಮರ್ಥ್ಯಕ್ಕೆ ಬರುವವರ ಸಂಖ್ಯೆ ಹತ್ತಿರವಾದಂತೆ ಸಾಲು ಸ್ವಲ್ಪ ಸ್ವಲ್ಪವಾಗಿ ಅಲ್ಲ, ಒಮ್ಮೆಲೇ ಬೆಳೆಯುತ್ತದೆ ಎಂಬುದು ಆ ಶಾಸ್ತ್ರ ಕಲಿಸುವ ಮುಖ್ಯ ಪಾಠ. ಇನ್ನೊಂದು ಕಿಟಕಿ ತೆರೆದರೆ ಸಾಲು ಅರ್ಧಕ್ಕಲ್ಲ, ಅದಕ್ಕಿಂತ ಬಹಳ ಕಡಿಮೆಗೆ ಇಳಿಯಬಲ್ಲದು.

ಕಾಲೇಜೇ ಹತ್ತಿರ ಬಂದಾಗ

ದೂರದ ಕಷ್ಟ ಈ ಜಿಲ್ಲೆಗೆ ಹೊಸದಲ್ಲ. 1956ರವರೆಗೆ ಉತ್ತರ ಕನ್ನಡ ಮುಂಬೈ ಪ್ರಾಂತಕ್ಕೆ ಸೇರಿತ್ತು. ಕಾಲೇಜು ಓದುವ ಆಸೆಯಿದ್ದವರು 1917ರಲ್ಲಿ ಆರಂಭವಾದ ಧಾರವಾಡದ ಕರ್ನಾಟಕ ಕಾಲೇಜಿಗೋ ಪುಣೆ, ಮುಂಬೈಗಳಿಗೋ ಹೋಗಬೇಕಿತ್ತು. ಹೆದ್ದಾರಿಗೆ ಸೇತುವೆಗಳಾಗುವ ಮೊದಲು ಒಂದೊಂದು ಹೊಳೆಯಲ್ಲೂ ತಾರಿ ಕಾಯಬೇಕು. ಗಂಗಾವಳಿ, ಅಘನಾಶಿನಿ, ಶರಾವತಿ ಎಂದು ಎಣಿಸುತ್ತ ಸಾಗುವ ಪ್ರಯಾಣವದು.

ಆ ದೂರವನ್ನು ಕಡಿಮೆ ಮಾಡಿದವರು ಈ ನೆಲದ ದಾನಿಗಳು, ಸಂಘಟಕರು. ಕುಮಟಾದ ಕಾಲೇಜು ಮುಂಬೈಯಲ್ಲಿ ಹೆಸರು ಮಾಡಿದ ಶಸ್ತ್ರಚಿಕಿತ್ಸಕ ಡಾ. ಎ.ವಿ. ಬಾಳಿಗಾರ ಹೆಸರನ್ನು ಹೊತ್ತಿದೆ. 1964ರಲ್ಲಿ ಹೊನ್ನಾವರದಲ್ಲಿ ಎಸ್.ಡಿ.ಎಂ. ಕಾಲೇಜು ಆರಂಭವಾಯಿತು. ಕವಿ ದಿನಕರ ದೇಸಾಯಿಯವರು ಕಟ್ಟಿದ ಕೆನರಾ ವೆಲ್ಫೇರ್ ಟ್ರಸ್ಟ್, ಗೋಖಲೆಯವರ ಜನ್ಮಶತಾಬ್ದಿಯ ವರ್ಷವಾದ 1966ರಲ್ಲಿ ಅಂಕೋಲೆಗೆ ಕಾಲೇಜು ತಂದಿತು. ಭಟ್ಕಳದಲ್ಲಿ 1919ರಲ್ಲಿ ಹುಟ್ಟಿದ ಅಂಜುಮನ್ ಹಾಮಿ-ಎ-ಮುಸ್ಲಿಮೀನ್ ಸಂಸ್ಥೆ ಶಾಲೆಯಿಂದ ಎಂಜಿನಿಯರಿಂಗ್ ಕಾಲೇಜಿನವರೆಗೆ ಬೆಳೆಯಿತು. ಹೀಗೆ ಹಲವು ದಿನಗಳ ದಾರಿ ಕೆಲವು ಗಂಟೆಗಳ ದಾರಿಯಾಯಿತು. ಉಳಿದದ್ದು ಕೊನೆಯ ಹೊಳೆಯೊಂದೇ.

ಬೆಂಗಳೂರಿನ ರಾತ್ರಿ ಬಸ್ಸು

ವೃತ್ತಿಶಿಕ್ಷಣ ಬಯಸಿದವರಿಗೆ ಮಾತ್ರ ಇನ್ನೊಂದು ರಾತ್ರಿ ಕಾದಿತ್ತು. ಸುಪ್ರೀಂ ಕೋರ್ಟಿನ 1993ರ ಉನ್ನಿಕೃಷ್ಣನ್ ತೀರ್ಪಿನ ನಂತರ, 1994ರಲ್ಲಿ ರಾಜ್ಯ ಸರ್ಕಾರ ಸಾಮಾನ್ಯ ಪ್ರವೇಶ ಪರೀಕ್ಷೆಗೆಂದೇ ಸಿಇಟಿ ಘಟಕವನ್ನು ಸ್ಥಾಪಿಸಿತು. ಮುಂದೆ ಇದೇ ಕರ್ನಾಟಕ ಪರೀಕ್ಷಾ ಪ್ರಾಧಿಕಾರವಾಯಿತು. ಸೀಟು ಆರಿಸಲು ಕರೆ ಬಂದವರು ಬೆಂಗಳೂರಿನ ಮಲ್ಲೇಶ್ವರಕ್ಕೆ ಹೋಗಬೇಕು. ಕುಮಟಾದಿಂದ 450 ಕಿಲೋಮೀಟರಿಗೂ ಹೆಚ್ಚು ದೂರ. ಸಂಜೆಯ ಬಸ್ಸಿನಲ್ಲಿ ಅಪ್ಪ, ಮಗಳು. ಮಡಿಲಲ್ಲಿ ಮೂಲ ದಾಖಲೆಗಳು, ಬ್ಯಾಂಕಿನ ಡಿ.ಡಿ. ಬೆಳಿಗ್ಗೆ ಮೆಜೆಸ್ಟಿಕ್‌ನಲ್ಲಿ ಇಳಿದು ಮುಖ ತೊಳೆದು ನೇರ ಹದಿನೆಂಟನೇ ಕ್ರಾಸಿಗೆ.

ಆದರೆ ಈ ಸಾಲಿಗೂ ಜಗಲಿಯ ಸಾಲಿಗೂ ಒಂದು ವ್ಯತ್ಯಾಸವಿತ್ತು. ಇಲ್ಲಿ ಮೊದಲು ಬಂದವರಿಗೆ ಮೊದಲ ಸೀಟಲ್ಲ, ಒಳ್ಳೆಯ ರ‍್ಯಾಂಕ್ ಪಡೆದವರಿಗೆ ಮೊದಲ ಕರೆ. ಮಲ್ಲೇಶ್ವರದಲ್ಲೇ ಮನೆಯಿದ್ದ ಹುಡುಗನೂ ತದಡಿಯ ಹುಡುಗಿಯ ರ‍್ಯಾಂಕಿನ ಹಿಂದೆ ನಿಲ್ಲಬೇಕು. ಸಾಲಿನ ನ್ಯಾಯ ಬದಲಾಗಿತ್ತು, ಪ್ರಯಾಣದ ದಣಿವು ಉಳಿದಿತ್ತು. 2010ರ ದಶಕದಲ್ಲಿ ಆಯ್ಕೆಗಳನ್ನು ಆನ್‌ಲೈನ್‌ನಲ್ಲಿ ನಮೂದಿಸುವ ಪದ್ಧತಿ ಬಂದಾಗ ಆ ದಣಿವೂ ಬಹುಮಟ್ಟಿಗೆ ತಪ್ಪಿತು.

ಬಂದ ಕ್ರಮ ಬಿಟ್ಟು ಬಯಕೆಯ ಕ್ರಮವನ್ನು ಲೆಕ್ಕಕ್ಕೆ ಹಿಡಿಯುವ ಈ ವಿಚಾರಕ್ಕೆ ಗಣಿತದ ಗಟ್ಟಿ ತಳಹದಿ ಇದೆ. ವಿದ್ಯಾರ್ಥಿ ಮತ್ತು ಕಾಲೇಜುಗಳನ್ನು ಯಾರಿಗೂ ಮೋಸವಾಗದಂತೆ ಹೊಂದಿಸುವ ವಿಧಾನವನ್ನು ಡೇವಿಡ್ ಗೇಲ್, ಲಾಯ್ಡ್ ಶ್ಯಾಪ್ಲಿ ಎಂಬ ಅಮೆರಿಕದ ಗಣಿತಜ್ಞರು 1962ರಲ್ಲಿ ತೋರಿಸಿದರು. ಈ ದಿಕ್ಕಿನ ಕೆಲಸಕ್ಕಾಗಿ ಶ್ಯಾಪ್ಲಿ ಮತ್ತು ಆಲ್ವಿನ್ ರಾತ್ ಅವರಿಗೆ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ದೊರೆಯಿತು.

ಗುಡ್ಡದ ಮೇಲಿನ ಸಾಲು

ಹಾಗಾದರೆ ರಾತ್ರಿ ಕಾಯುವುದು ಮುಗಿಯಿತೇ? ಪೂರ್ತಿ ಇಲ್ಲ. 2021-22ರಿಂದ ರಾಜ್ಯದ ಪದವಿ ಕಾಲೇಜುಗಳ ಪ್ರವೇಶ ಯುಯುಸಿಎಂಎಸ್ ಎಂಬ ಏಕೀಕೃತ ಜಾಲತಾಣಕ್ಕೆ ಬಂತು. ಜಗಲಿಯ ಸಾಲು ಸೈಬರ್ ಅಂಗಡಿಗೆ, ಜನಸ್ನೇಹಿ ಕೇಂದ್ರಕ್ಕೆ ಸ್ಥಳಾಂತರವಾಯಿತು. ಹಗಲಿನಲ್ಲಿ ಸರ್ವರ್ ನಿಧಾನವಾದರೆ ‘ರಾತ್ರಿ ಹನ್ನೊಂದರ ಮೇಲೆ ಬಾ ತಮ್ಮಾ, ಆಗ ಬೇಗ ಆಗ್ತದೆ’ ಎನ್ನುತ್ತಾನೆ ಅಂಗಡಿಯವನು. ಆ ಹೊತ್ತಿನಲ್ಲಿ ಹೊಳೆ ದಾಟಿಸುವ ದೋಣಿ ಎಲ್ಲಿದೆ?

ಘಟ್ಟದ ಕಡೆಯ ಕಥೆ ಇನ್ನೂ ಬೇರೆ. 2020ರಲ್ಲಿ ಕೋವಿಡ್‌ನಿಂದ ತರಗತಿಗಳು ಮೊಬೈಲಿಗೆ ಬಂದಾಗ ಉತ್ತರ ಕನ್ನಡದ ಮಲೆನಾಡಿನ ಮಕ್ಕಳು ಸಿಗ್ನಲ್ ಹುಡುಕಿ ಗುಡ್ಡ ಹತ್ತಿ, ಪ್ಲಾಸ್ಟಿಕ್ ಹೊದಿಸಿದ ಗುಡಿಸಲಿನಲ್ಲಿ ಕುಳಿತು ಪಾಠ ಕೇಳಿದ್ದು ರಾಜ್ಯಕ್ಕೇ ಗೊತ್ತಾಯಿತು. ಮಳೆಗಾಲದ ಗಾಳಿಗೆ ಕಂಬ ಬಿದ್ದರೆ ವಿದ್ಯುತ್ತು ಬರಲು ದಿನಗಳೇ ಹಿಡಿಯುತ್ತವೆ. ದಾರಿಯೂ ಕೈಕೊಡಬಹುದು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಪ್ರಾಣಹಾನಿಯಾದಾಗ ರಾಷ್ಟ್ರೀಯ ಹೆದ್ದಾರಿ 66 ಆ ಭಾಗದಲ್ಲಿ ದಿನಗಟ್ಟಲೆ ಮುಚ್ಚಿತ್ತು. ಕೊನೆಯ ದಿನಾಂಕಗಳನ್ನು ಗೊತ್ತುಮಾಡುವವರು ಜುಲೈ ಎಂದರೆ ಇಲ್ಲಿ ಏನೆಂಬುದನ್ನು ನೆನಪಿಡಬೇಕು.

ಪಾಲಕರು ತಿಳಿದಿರಬೇಕಾದದ್ದು

ಎಲ್ಲ ಸಾಲುಗಳೂ ಒಂದೇ ಅಲ್ಲ. ಸಿಇಟಿ ಸೀಟು ಹಂಚಿಕೆಯಲ್ಲಿ ಆಯ್ಕೆಗಳನ್ನು ಮೊದಲ ದಿನ ನಮೂದಿಸಿದವರಿಗೂ ಕೊನೆಯ ದಿನ ನಮೂದಿಸಿದವರಿಗೂ ವ್ಯತ್ಯಾಸವಿಲ್ಲ. ಲೆಕ್ಕಕ್ಕೆ ಬರುವುದು ರ‍್ಯಾಂಕ್, ಮೀಸಲಾತಿ ಮತ್ತು ಆಯ್ಕೆಗಳ ಕ್ರಮ. ಆದ್ದರಿಂದ ಬಾಗಿಲು ತೆರೆದ ರಾತ್ರಿಯೇ ನಿದ್ದೆಗೆಟ್ಟು ಕೂರುವ ಅಗತ್ಯವಿಲ್ಲ. ನಿಜವಾಗಿ ಬೇಕಾದ ಕಾಲೇಜನ್ನು ಮೊದಲು, ನಂತರದ್ದನ್ನು ಆಮೇಲೆ ಬರೆದು, ಅಣಕು ಹಂಚಿಕೆಯ ಫಲಿತಾಂಶ ನೋಡಿ, ಮನೆಮಂದಿ ಕೂಡಿ ಯೋಚಿಸಿ ಕ್ರಮವನ್ನು ತಿದ್ದಿಕೊಳ್ಳಬಹುದು. ಕೊನೆಯ ಗಂಟೆಗೆ ಮಾತ್ರ ಬಿಡಬಾರದು.

ಅವಸರ ಬೇಕಾದುದು ಪ್ರಮಾಣಪತ್ರಗಳಿಗೆ. ಜಾತಿ ಮತ್ತು ಆದಾಯ ಪ್ರಮಾಣಪತ್ರ ನಾಡಕಚೇರಿಯಿಂದ ಬರಬೇಕು. ಒಂದರಿಂದ ಹತ್ತನೇ ತರಗತಿಯವರೆಗೆ ಹಳ್ಳಿಯ ಶಾಲೆಯಲ್ಲಿ ಓದಿದವರಿಗೆ ಗ್ರಾಮೀಣ ಮೀಸಲಾತಿ, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಕನ್ನಡ ಮಾಧ್ಯಮದ ಮೀಸಲಾತಿ ಇದೆ. ಇವುಗಳ ವ್ಯಾಸಂಗ ಪ್ರಮಾಣಪತ್ರಕ್ಕೆ ಶಾಲೆಯ ಮುಖ್ಯೋಪಾಧ್ಯಾಯರ ಹಾಗೂ ಕ್ಷೇತ್ರ ಶಿಕ್ಷಣಾಧಿಕಾರಿಗಳ ಸಹಿ ಬೇಕು. ಮಾರ್ಚ್, ಏಪ್ರಿಲ್ ತಿಂಗಳಲ್ಲೇ, ಹೊಳೆ ಶಾಂತವಾಗಿರುವಾಗ, ಕೈಯಲ್ಲಿ ನಾಲ್ಕು ಕಾಸಿರುವಾಗ ಈ ಕೆಲಸ ಮುಗಿಸಿಟ್ಟವರಿಗೆ ಜೂನ್ ಹಗುರ. ಹಳ್ಳಿಯ ಶಾಲೆಯಲ್ಲಿ ಓದಿದ್ದು ಈ ಮಕ್ಕಳಿಗೆ ಕೊರತೆಯಲ್ಲ, ಹಕ್ಕು. ಅದನ್ನು ಒಂದು ಸಹಿಯಿಲ್ಲದ ಕಾಗದಕ್ಕಾಗಿ ಕಳೆದುಕೊಳ್ಳಬಾರದು.

ಕಾಲೇಜುಗಳೂ ಮಾಡಬಹುದಾದ ಕೆಲಸಗಳಿವೆ. ಸೀಟಿಗಿಂತ ಅರ್ಜಿ ಹೆಚ್ಚಿರುವ ವಿಷಯಗಳಿಗೆ ‘ಮೊದಲು ಬಂದವರಿಗೆ’ ಎನ್ನುವ ಬದಲು ಒಂದು ವಾರ ಅರ್ಜಿ ಪಡೆದು ಅಂಕ ಮತ್ತು ಮೀಸಲಾತಿಯಂತೆ ಪಟ್ಟಿ ಮಾಡಬಹುದು. ಹೊರಗಿನ ಊರಿನವರಿಗೆ ಮಧ್ಯಾಹ್ನದ ಹೊತ್ತನ್ನು ಕಾದಿರಿಸಬಹುದು. ದಾಖಲೆಗಳ ಪಟ್ಟಿಯನ್ನು ಮೊದಲೇ ಊರೂರಿನ ಹೈಸ್ಕೂಲು, ಪಂಚಾಯ್ತಿಗಳಲ್ಲಿ ಅಂಟಿಸಿದರೆ ಒಂದು ಜೆರಾಕ್ಸಿಗಾಗಿ ಮತ್ತೆ ಹೊಳೆ ದಾಟುವುದು ತಪ್ಪುತ್ತದೆ. ಇದಕ್ಕೆಲ್ಲ ಹೊಸ ಕಟ್ಟಡ ಬೇಕಿಲ್ಲ, ಹೊಸ ಯಂತ್ರವೂ ಬೇಕಿಲ್ಲ. ಅಳಿವೆಯ ಆಚೆ ದಂಡೆಯಲ್ಲಿಯೂ ವಿದ್ಯಾರ್ಥಿಗಳಿದ್ದಾರೆ ಎಂಬ ನೆನಪಿದ್ದರೆ ಸಾಕು.