ನಾನು ಯಾರನ್ನ ಕಾಯಬೇಕಿತ್ತು?

ಪ್ರೀತಿಯ ಪುಟ್ಟಿ,

ನಿನ್ನ ಕಾಗದ ಬಂದು ನಾಲ್ಕು ದಿನವಾಯಿತು. ಬಾಸ್ಕೆಟ್‌ಬಾಲಿಗೆ ಮಣ್ಣಿನ ಮೈದಾನ, ಒಂದೇ ಕಂಬ, ಹನ್ನೊಂದು ಹುಡುಗಿಯರು, ಎರಡು ಚೆಂಡು, ಅದರಲ್ಲೊಂದಕ್ಕೆ ಗಾಳಿ ನಿಲ್ಲೋದಿಲ್ಲ ಅಂತ ಬರೆದಿದ್ದೀಯ. ‘ಮೊದಲು ಶೂಟಿಂಗ್ ಕಲಿಸಲೋ ಡ್ರಿಬ್ಲಿಂಗೋ ಅಣ್ಣಾ?’ ಅಂತ ಕೇಳಿದ್ದೀಯ. ಎರಡೂ ಬೇಡ. ಮೊದಲು ಡಿಫೆನ್ಸ್ ಕಲಿಸು.

ಒಂದು ರಿಂಗಿಗೆ ಹನ್ನೊಂದು ಮಕ್ಕಳನ್ನ ಸಾಲು ನಿಲ್ಲಿಸಿದರೆ ಒಬ್ಬಳು ಎಸೀತಾಳೆ, ಹತ್ತು ಜನ ಬಿಸಿಲಲ್ಲಿ ನಿಂತಿರ್ತಾರೆ. ಡಿಫೆನ್ಸಿಗೆ ರಿಂಗೂ ಬೇಡ, ಚೆಂಡೂ ಒಂದು ಸಾಕು. ಇಷ್ಟೇ ಆಗಿದ್ದರೆ ಇದು ಬಡವರ ಉಪಾಯ ಅಂತ ಬಿಡಬಹುದಿತ್ತು. ನನಗೆ ಇದು ಗೊತ್ತಾಗಿದ್ದು ಬೇರೆ ರೀತಿ. ಇಷ್ಟು ವರ್ಷ ನಿನಗೂ ಹೇಳಿರಲಿಲ್ಲ.

ನ್ಯಾಮತಿ ಆಗಿನ್ನೂ ಹೊನ್ನಾಳಿ ತಾಲ್ಲೂಕಿನಲ್ಲೇ ಇತ್ತು. ಅಲ್ಲೇ ನನ್ನ ಮೊದಲ ಹುಡುಗಿಯರ ಟೀಮು. ನಾನು ಅವರಿಗೆ 2-3 ಝೋನ್ ಒಂದನ್ನೇ ಕಲಿಸಿದ್ದೆ: ಮುಂದೆ ಇಬ್ಬರು, ರಿಂಗಿನ ಕೆಳಗೆ ಮೂವರು, ಅವರವರ ಜಾಗ ಬಿಡಬಾರದು. ತಾಲ್ಲೂಕು ಮಟ್ಟದಲ್ಲಿ ದೂರದಿಂದ ಎಸೆದು ಹಾಕುವವರು ಯಾರಿದ್ದಾರೆ? ಎಲ್ಲರೂ ರಿಂಗಿನ ಕೆಳಗೆ ನುಗ್ಗಿ ನಮ್ಮ ಮೂವರಿಗೆ ಸಿಕ್ಕಿಬೀಳುತ್ತಿದ್ದರು. ಸುಲಭವಾಗಿ ಗೆದ್ದೆವು. ಜಿಲ್ಲಾ ಮಟ್ಟಕ್ಕೆ ದಾವಣಗೆರೆಗೆ ಹೋದಾಗ ಎದುರಿನ ಟೀಮಿನ ಒಬ್ಬ ಹುಡುಗಿ ಬಲಗಡೆ ಮೂಲೆಯಲ್ಲಿ ನಿಂತು ಒಂದರ ಮೇಲೊಂದು ಹಾಕಿದಳು. ನಾನು ಗೆರೆಯ ಹೊರಗೆ ನಿಂತು ‘ಜಾಗ ಬಿಡಬೇಡ್ರಿ’ ಅಂತ ಕೂಗುತ್ತಲೇ ಇದ್ದೆ. ವಾಪಸ್ ಬರುವಾಗ ಬಸ್‌ಸ್ಟ್ಯಾಂಡಿನಲ್ಲಿ, ರಿಂಗಿನ ಕೆಳಗೆ ಆಡಿದ ಮೂವರಲ್ಲಿ ಒಬ್ಬಳು ಬಂದು ನಿಂತಳು. ಅಳುತ್ತಿರಲಿಲ್ಲ. ‘ಸರ್, ನಾನು ಯಾರನ್ನ ಕಾಯಬೇಕಿತ್ತು?’ ಅಂತ ಕೇಳಿದಳು.

ನನ್ನ ಹತ್ತಿರ ಉತ್ತರ ಇರಲಿಲ್ಲ, ಪುಟ್ಟಿ. ನಾನು ಅವಳಿಗೆ ಜಾಗ ಕೊಟ್ಟಿದ್ದೆ, ಜವಾಬ್ದಾರಿ ಕೊಟ್ಟಿರಲಿಲ್ಲ. ಅವತ್ತಿನಿಂದ ಹದಿನಾಲ್ಕು ವರ್ಷದೊಳಗಿನ ಮಕ್ಕಳಿಗೆ ನಾನು ಝೋನ್ ಕಲಿಸಿಲ್ಲ. ನೀನೂ ಕಲಿಸಬೇಡ, ಕಪ್ ಬರದಿದ್ದರೂ ಪರವಾಗಿಲ್ಲ. ‘ಅವಳು ನಿನ್ನವಳು’ ಅಂತ ಬೆರಳು ಮಾಡಿ ತೋರಿಸು. ಝೋನನ್ನ ಆಮೇಲೆ ಎರಡು ವಾರದಲ್ಲಿ ಕಲೀತಾರೆ. ಒಬ್ಬಳನ್ನ ಕಾಯೋಕೆ ಬರುವವಳಿಗೆ ಜಾಗ ಕಾಯೋದು ಕಷ್ಟವಲ್ಲ.

ನಿನ್ನ ಹುಡುಗಿಯರು ಕಬಡ್ಡಿ ಆಡಿದವರು ಅಂದೆಯಲ್ಲ, ಅದು ದೊಡ್ಡ ಆಸ್ತಿ. ಮಂಡಿ ಬಗ್ಗಿಸಿ, ಪಾದ ಅಗಲಿಸಿ, ಅಡ್ಡಡ್ಡ ಸರಿಯೋದು ಅವರಿಗೆ ಬಂದೇ ಇದೆ. ಇನ್ನೂ ದೊಡ್ಡದು ಇನ್ನೊಂದು: ರೈಡರ್ ಎಡಗಡೆ ಹೋದರೆ ಬಲಗಡೆ ಕಾರ್ನರ್‌ನಲ್ಲಿದ್ದವಳು ಸುಮ್ಮನೆ ನಿಲ್ಲೋದಿಲ್ಲ, ಒಳಗೆ ಸರಿದು ಬರುತ್ತಾಳೆ. ನಾವು ಹೆಲ್ಪ್ ಡಿಫೆನ್ಸ್ ಅನ್ನೋದು ಇದನ್ನೇ. ಚೆಂಡು, ನಾನು ಕಾಯುವ ಹುಡುಗಿ, ನಾನು, ಮೂರೂ ಸೇರಿ ಒಂದು ಚಪ್ಪಟೆ ತ್ರಿಕೋನ ಆಗಬೇಕು. ಚೆಂಡು, ಹುಡುಗಿ ಎರಡೂ ಕಾಣುವ ಹಾಗೆ ನಿಲ್ಲಬೇಕು. ಚೆಂಡು ದೂರ ಹೋದಷ್ಟೂ ನಾನು ರಿಂಗಿನ ಕಡೆ ಸರೀಬೇಕು. ನಾಲ್ವರನ್ನ ಹೊರಗೆ ನಿಲ್ಲಿಸಿ ನಿಧಾನಕ್ಕೆ ಪಾಸ್ ಕೊಡಿಸು, ಒಳಗಿನ ನಾಲ್ವರು ಪ್ರತಿ ಪಾಸಿಗೂ ಜಾಗ ಬದಲಿಸಲಿ. ಚೆಂಡು ಗಾಳಿಯಲ್ಲಿರುವಾಗಲೇ ಕಾಲು ಹೊರಡಬೇಕು, ಕೈಗೆ ಸೇರಿದ ಮೇಲೆ ಹೊರಟರೆ ತಡ. ದಿನಾ ಹತ್ತು ನಿಮಿಷ ಇದನ್ನ ಮಾಡಿಸು, ಬಾಯಿ ಬಿಟ್ಟು ಮಾಡಿಸು. ‘ಬಾಲ್ ನಂದು’, ‘ಹೆಲ್ಪ್ ಇದೀನಿ’ ಅಂತ ಕೂಗಲಿ. ಸುಮ್ಮನಿರುವ ಡಿಫೆನ್ಸ್ ಕುರುಡು ಡಿಫೆನ್ಸ್.

ಕಬಡ್ಡಿಯಿಂದ ಬರುವ ಕಾಟ ಕೈಯದು. ಹತ್ತಿರ ಬಂದರೆ ಹಿಡಿದೇ ಬಿಡ್ತಾರೆ. ಐದು ಫೌಲಿಗೆ ಆಟಗಾರ್ತಿ ಹೊರಗೆ. ಒಂದು ಕ್ವಾರ್ಟರಿನಲ್ಲಿ ಟೀಮಿನ ಫೌಲು ನಾಲ್ಕು ದಾಟಿದರೆ ಎದುರಿನವರಿಗೆ ಎರಡು ಫ್ರೀ ಥ್ರೋ. ನಾನು ಬೈದು ನೋಡಿದೆ, ಕೈ ಹಿಂದೆ ಕಟ್ಟಿಸಿ ನೋಡಿದೆ, ತೂಕ ತಪ್ಪಿ ಬೀಳುತ್ತಿದ್ದರು. ಕೊನೆಗೆ ಒಂದು ದಿನ ಹೊಲದಿಂದ ಮೆಕ್ಕೆಜೋಳದ ತೆನೆ ತರಿಸಿ ಎರಡೂ ಕೈಗೆ ಒಂದೊಂದು ಕೊಟ್ಟೆ. ತೆನೆ ಹಿಡಿದ ಕೈ ಇನ್ನೇನನ್ನೂ ಹಿಡಿಯೋದಿಲ್ಲ. ಹದಿನೈದು ದಿನದಲ್ಲಿ ಕಾಲು ಕೈಯ ಕೆಲಸ ಮಾಡತೊಡಗಿತು. ನಿನ್ನ ಜಗಳೂರಲ್ಲಿ ತೆನೆಗೆ ಬರವಿಲ್ಲವಲ್ಲ.

ಈ ಆಟವನ್ನ ಕಟ್ಟಿದವನು ನಮ್ಮ ಹಾಗೇ ದೈಹಿಕ ಶಿಕ್ಷಣದ ಮೇಷ್ಟ್ರು ಅನ್ನೋದನ್ನ ಮಕ್ಕಳಿಗೆ ಹೇಳು. ಅಮೆರಿಕದ ಸ್ಪ್ರಿಂಗ್‌ಫೀಲ್ಡಿನಲ್ಲಿ, 1891ರ ಡಿಸೆಂಬರ್ ಚಳಿಯಲ್ಲಿ, ಕೋಣೆಯೊಳಗೆ ಮೈಮೇಲೆ ಬೀಳದೆ ಆಡುವ ಆಟ ಬೇಕಾಗಿತ್ತು ಜೇಮ್ಸ್ ನೈಸ್ಮಿತ್‌ಗೆ. ಅದಕ್ಕೇ ಚೆಂಡು ಹಿಡಿದು ಓಡಬಾರದು ಅಂದ, ಓಡದವನನ್ನ ಕೆಡವುವ ಅಗತ್ಯ ಇರೋದಿಲ್ಲವಲ್ಲ. ಪೀಚ್ ಹಣ್ಣಿನ ಬುಟ್ಟಿಯನ್ನ ತಲೆಗಿಂತ ಮೇಲೆ ಕಟ್ಟಿದ, ಬಲದಿಂದ ಬೀಸಿ ಎಸೆಯದೆ ಮೆತ್ತಗೆ ಮೇಲಕ್ಕೆ ಎತ್ತಿ ಹಾಕಲಿ ಅಂತ. ಇಂದಿಗೂ ರಿಂಗು ಅದೇ ಹತ್ತು ಅಡಿ ಎತ್ತರದಲ್ಲಿದೆ. ‘ಮುಟ್ಟಬೇಡ’ ಅಂದರೆ ಮಕ್ಕಳು ಕೇಳೋದಿಲ್ಲ, ಈ ಕತೆ ಹೇಳಿದ ಮೇಲೆ ಕೇಳ್ತಾರೆ.

ಇನ್ನು ಅಟ್ಯಾಕ್. ಮಣ್ಣಿನಲ್ಲಿ ಚೆಂಡು ಎಲ್ಲಿ ಪುಟಿಯುತ್ತೆ ಅಂತ ಹೇಳೋಕಾಗಲ್ಲ, ಅದಕ್ಕೆ ಡ್ರಿಬ್ಲಿಂಗನ್ನ ನೆಚ್ಚಿಕೊಳ್ಳಬೇಡ. ಎರಡು ಪುಟಿತ, ಆಮೇಲೆ ಪಾಸ್, ಅಂತ ಕಟ್ಟುನಿಟ್ಟು ಮಾಡು. ಐವರೂ ಅಗಲವಾಗಿ ಹರಡಿಕೊಂಡು ನಿಲ್ಲಲಿ. ಕೊಟ್ಟವಳು ನಿಲ್ಲಬಾರದು, ರಿಂಗಿನ ಕಡೆ ಓಡಬೇಕು. ಅವಳು ಬಿಟ್ಟ ಜಾಗವನ್ನ ಪಕ್ಕದವಳು ತುಂಬಬೇಕು. ‘ಕೊಟ್ಟು ಓಡು’ ಅನ್ನೋದೊಂದೇ ಮಾತು ಒಂದು ವರ್ಷಕ್ಕೆ ಸಾಕು. ಆದರೂ ಆ ಎರಡು ಪುಟಿತ ಚೆಂಡು ನೋಡದೆ ಬರಬೇಕು. ಚನ್ನಗಿರಿಯಲ್ಲಿ ಅಮ್ಮ ಅಡಿಕೆ ಸುಲಿಯುತ್ತಿದ್ದದ್ದು ನೆನಪಿದೆಯಾ? ಮೆಟ್ಟುಗತ್ತಿ ಮೇಲೆ ಕೈ ಆಡ್ತಾನೇ ಇರೋದು, ಕಣ್ಣು ಅಂಗಳದಲ್ಲಿ ಆಡುವ ನಮ್ಮಿಬ್ಬರ ಮೇಲೆ. ನಿನ್ನ ಹುಡುಗಿಯರಿಗೆ ಅಂಥ ಕೈ ಬರಲಿ.

ರಿಬೌಂಡ್ ಬಗ್ಗೆ ಒಂದು ಮಾತು. ಶಾಟ್ ಹೋದ ಕೂಡಲೇ ಎಲ್ಲರೂ ಬಾಯಿ ತೆರೆದು ಚೆಂಡು ನೋಡ್ತಾರೆ. ನೋಡಬಾರದು. ತನ್ನ ಹುಡುಗಿಯನ್ನ ಹುಡುಕಿ, ತಿರುಗಿ, ಅವಳನ್ನ ಬೆನ್ನಿಗೆ ಹಾಕಿಕೊಳ್ಳಬೇಕು, ಆಮೇಲೆ ಚೆಂಡು. ಕುಳ್ಳಿಯೂ ಎತ್ತರದವಳನ್ನ ತಡೆಯುವ ವಿದ್ಯೆ ಇದೊಂದೇ.

2017ರ ಜುಲೈನಲ್ಲಿ ಬೆಂಗಳೂರಿನ ಕಂಠೀರವದಲ್ಲಿ ನಮ್ಮ ಭಾರತದ ಹೆಣ್ಣುಮಕ್ಕಳು ಏಷ್ಯಾ ಕಪ್ ಬಿ ಡಿವಿಷನ್ ಫೈನಲ್ ಗೆದ್ದದ್ದು ಗೊತ್ತಲ್ಲ, ಕಝಾಕಿಸ್ತಾನದ ಮೇಲೆ 75-73. ಎರಡೇ ಪಾಯಿಂಟು. ಆ ಎರಡು ಪಾಯಿಂಟನ್ನ ಎಲ್ಲರೂ ಹಾಕಿದ ಬುಟ್ಟಿ ಅಂತ ಲೆಕ್ಕ ಹಾಕ್ತಾರೆ. ಎದುರಿನವರಿಗೆ ಹಾಕೋಕೆ ಬಿಡದೆ ಕಾದ ಒಂದು ಬುಟ್ಟಿ ಅಂತ ನಾನು ಲೆಕ್ಕ ಹಾಕ್ತೀನಿ. ಸ್ಕೋರ್ ಪುಸ್ತಕದಲ್ಲಿ ಬಿಡದೆ ಕಾದವಳ ಹೆಸರು ಬರೆಯೋಕೆ ಕಾಲಂ ಇಲ್ಲ. ನೀನೇ ಒಂದು ನೋಟ್‌ಬುಕ್ ಇಟ್ಟುಕೊಂಡು ಬರಿ. ಆಟ ಮುಗಿದ ಮೇಲೆ ಎಲ್ಲರೆದುರು ಗಟ್ಟಿಯಾಗಿ ಓದು. ಒಂದೂ ಬುಟ್ಟಿ ಹಾಕದ ಹುಡುಗಿ ತನ್ನ ಹೆಸರು ಕೇಳಿದಾಗ ಅವಳ ಮುಖ ನೋಡು. ನಾನು ಈ ಕೆಲಸದಲ್ಲಿ ಉಳಿದಿರೋದೇ ಆ ಮುಖಕ್ಕೆ.

ಈ ವಾರ ಬಸ್ಸಿಗೆ ಎರಡು ಆರನೇ ನಂಬರಿನ ಚೆಂಡು, ಒಂದು ಪಂಪು ಕಳಿಸ್ತಿದ್ದೀನಿ. ಹುಡುಗಿಯರಿಗೆ ಏಳನೇ ನಂಬರ್ ಕೊಡಬೇಡ, ಕೈ ಸಾಲದೆ ಎಸೆಯೋ ರೀತಿಯೇ ಕೆಡುತ್ತೆ. ಗಾಳಿ ಹಾಕುವ ಮುಂಚೆ ಪಿನ್ನನ್ನ ಒದ್ದೆ ಮಾಡಿಕೋ, ಒಣ ಪಿನ್ನು ಚುಚ್ಚಿದರೆ ವಾಲ್ವ್ ಹರಿಯುತ್ತೆ. ಮುಂದಿನ ಕಾಗದದಲ್ಲಿ ಹನ್ನೊಂದು ಜನರ ಹೆಸರನ್ನೂ ಬರಿ, ಯಾರು ಯಾರನ್ನ ಕಾಯ್ತಾರೆ ಅನ್ನೋದನ್ನೂ ಬರಿ.

ನಿನ್ನ ಅಣ್ಣ
ಹೊನ್ನಾಳಿ