ಕಲ್ಲಿನ ಸೀಮೆಯಲ್ಲಿ ಬೆರ್ಚಪ್ಪ

ಟೇಕಲ್ಲಿನಲ್ಲಿ ಕಲ್ಲಿಗೆ ಬರವಿಲ್ಲ. ಬೆಂಗಳೂರಿನಿಂದ ಬಂಗಾರಪೇಟೆ ಕಡೆ ಹೋಗುವ ರೈಲು ಮಾಲೂರು ದಾಟಿತೆಂದರೆ ಕಿಟಕಿಯಾಚೆ ಗುಂಡುಗಳು ಶುರುವಾಗುತ್ತವೆ. ಒಂದರ ತಲೆಯ ಮೇಲೊಂದು ಕೂತು, ಈಗ ಬಿದ್ದೇವು ಆಗ ಬಿದ್ದೇವು ಎಂದು ಹೆದರಿಸುತ್ತ, ಯಾವ ಕಾಲದಿಂದಲೋ ಬೀಳದೆ ಉಳಿದ ಗುಂಡುಗಳು. ಭೂವಿಜ್ಞಾನ ಓದಿದವರು ಈ ಸೀಮೆಯ ಬಂಡೆಗೆ ಸುಮಾರು 250 ಕೋಟಿ ವರ್ಷ ವಯಸ್ಸು ಹೇಳುತ್ತಾರೆ. ಇಷ್ಟು ಹಿರಿಯರ ನಡುವೆ ಬದುಕುವ ಜನಕ್ಕೆ ಅವರ ಮೇಲೆ ವಿಶೇಷ ಭಯಭಕ್ತಿಯೇನೂ ಇಲ್ಲ. ಬೇಲಿಗೆ ಕೂಚಗಲ್ಲು, ಗೋಡೆಗೆ ಸೈಜುಗಲ್ಲು, ಸೂರಿಗೆ ಚಪ್ಪಡಿ. ಬಟ್ಟೆ ಒಗೆಯಲು ಒಂದು, ಖಾರ ಅರೆಯಲು ಒಂದು, ಗಾಳಿಗೆ ಬಡಿದುಕೊಳ್ಳುವ ಬಾಗಿಲಿಗೆ ಅಡ್ಡ ಕೊಡಲು ಒಂದು. ‘ಸಿಕ್ಕಿದ್ದರಲ್ಲೆಲ್ಲ ಶಿಲ್ಪ’ ಎಂದು ಪೇಟೆಯವರು ದಿನಬಳಕೆಯ ವಸ್ತುವಿನ ಕಲಾಕೃತಿ ಕಂಡು ಬೆರಗಿನಿಂದ ಹೇಳುವಾಗ ಇಲ್ಲಿ ಲೆಕ್ಕ ತಲೆಕೆಳಗಾಗುತ್ತದೆ. ಟೇಕಲ್ಲಿನಲ್ಲಿ ತೀರ ದಿನಬಳಕೆಯ ವಸ್ತುವೆಂದರೆ ಕಲ್ಲೇ.

ಕಲ್ಲಿಗೆ ಮರ್ಯಾದೆ ಬೇಕಾದರೆ ಅದು ಇದೇ ಮಾಲೂರು ತಾಲ್ಲೂಕಿನ ಶಿವಾರಪಟ್ಟಣಕ್ಕೆ ಹೋಗಬೇಕು. ಅಲ್ಲಿ ಬೀದಿ ಬೀದಿಯಲ್ಲೂ ಉಳಿಯ ಸದ್ದು, ಜಗಲಿಗಳ ಮೇಲೆ ಅರ್ಧ ಹುಟ್ಟಿದ ದೇವರುಗಳು. ತಮಾಷೆಯೆಂದರೆ ಸುತ್ತ ಇಷ್ಟು ಬಂಡೆಯಿದ್ದರೂ ಮೂರ್ತಿಗೆ ಬೇಕಾದ ಕೃಷ್ಣಶಿಲೆ ದೂರದ ಎಚ್.ಡಿ. ಕೋಟೆ ಕಡೆಯಿಂದ ಲಾರಿಯಲ್ಲಿ ಬರುತ್ತದೆ. ಮನೆಮುಂದಿನ ಕಲ್ಲು ಒರಟು, ನಯವಾದ ಕೆತ್ತನೆಗೆ ಸುಲಭಕ್ಕೆ ಬಗ್ಗದು. ಬಂದ ಶಿಲೆಗೆ ಅಳತೆ ಉಂಟು, ಶಾಸ್ತ್ರ ಉಂಟು. ಮುಖದ ಉದ್ದವನ್ನು ಒಂದು ತಾಳವೆಂದು ಹಿಡಿದು, ವಿಷ್ಣುವಿಗೆ ದಶತಾಳ, ಕುಳ್ಳ ಗಣಪತಿಗೆ ಪಂಚತಾಳ ಎಂದು ಮೈಯನ್ನು ಹಂಚುತ್ತಾರೆ. ಲೋಹದ ಮೂರ್ತಿ ಎರಕ ಹೊಯ್ಯುವವರೂ ಆ ಊರಲ್ಲಿದ್ದಾರೆ. ಮೊದಲು ಮೇಣದಲ್ಲಿ ದೇವರು, ಅದರ ಮೇಲೆ ಮೆತ್ತನೆ ಮಣ್ಣಿನ ಹೊದಿಕೆ, ಆಮೇಲೆ ಬೆಂಕಿ. ಮೇಣ ಕರಗಿ ಹರಿದುಹೋದ ಜಾಗದಲ್ಲಿ ಲೋಹ ಬಂದು ಕೂರುತ್ತದೆ. ಕಣ್ಣು ಮೂಗು ಬೆರಳುಗಳೆಲ್ಲ ಮೊದಲು ಮೂಡಿದ್ದು ಮೇಣದಲ್ಲಿ. ಪೂಜೆ ಮಾತ್ರ ಲೋಹಕ್ಕೆ.

ಅದೇ ಸೀಮೆಯ ಮನೆಗಳಲ್ಲಿ ಹಬ್ಬದ ಬೆಳಗ್ಗೆ ಹೆಂಗಸರು ಇನ್ನೊಂದು ಗಣಪತಿ ಮಾಡುತ್ತಾರೆ. ಒಂದು ಹಿಡಿ ಸಗಣಿ, ಎರಡು ಗರಿಕೆ. ಅಂಗೈಯಲ್ಲಿ ಒತ್ತಿ ಗೋಪುರದ ಹಾಗೆ ಮೊನೆ ಎಳೆದು ಗರಿಕೆ ಸಿಕ್ಕಿಸಿದರೆ ಬೆನಕ ಸಿದ್ಧ. ಸೊಂಡಿಲಿಲ್ಲ, ಹೊಟ್ಟೆಯಿಲ್ಲ, ತಾಳದ ಗೊಡವೆ ಇಲ್ಲ. ಮಾಡಲು ಹಿಡಿಯುವ ಹೊತ್ತು ಹೇಳಿಕೊಳ್ಳುವಂಥದ್ದಲ್ಲ. ಮಾಡಿದವರಿಗೆ ಶಿಲ್ಪಿ ಎಂಬ ಹೆಸರೂ ಇಲ್ಲ. ಕಣದಲ್ಲಿ ರಾಗಿ ರಾಶಿಯ ಮೇಲೆ ಇವನೇ ಕೂರುತ್ತಾನೆ, ಅರಿಸಿನದಲ್ಲಿ ಮಾಡಿದರೆ ಗೌರಿಯಾಗುತ್ತಾಳೆ. ನೆಲ ಸಾರಿಸುವ, ಬೆರಣಿ ತಟ್ಟುವ, ಹೊಲಕ್ಕೆ ಗೊಬ್ಬರವಾಗುವ ಸಗಣಿಯೇ ವಿಘ್ನ ಕಳೆಯುವವನೂ ಆಗಿ, ಪೂಜೆ ಮುಗಿದ ಮೇಲೆ ಮತ್ತೆ ತಿಪ್ಪೆಗೋ ಗಿಡದ ಬುಡಕ್ಕೋ ಹೋಗುತ್ತದೆ.

ನನ್ನ ಮಟ್ಟಿಗೆ ಈ ಸಗಣಿ ಬೆನಕ ಒಂದು ಒರೆಗಲ್ಲು. ಯಾವುದೇ ವಿಚಿತ್ರ ವಸ್ತುವಿನ ಶಿಲ್ಪವನ್ನು ಯಾರಾದರೂ ತೋರಿಸಿದಾಗ ನಾನು ಮನಸ್ಸಿನಲ್ಲೇ ಆ ವಸ್ತುವನ್ನು ತೆಗೆದು ಬೇರೊಂದನ್ನು ಇಟ್ಟು ನೋಡುತ್ತೇನೆ. ಸಗಣಿ ತೆಗೆದು ಥರ್ಮೋಕೋಲ್ ಇಟ್ಟರೆ ಬೆನಕ ಸತ್ತುಹೋದ. ಈಗ ನಗರಗಳ ಪೆಂಡಾಲುಗಳಿಗೆ ಬನ್ನಿ. ಒಂದು ವರ್ಷ ನಾಣ್ಯದ ಗಣಪ, ಮರುವರ್ಷ ಬಿಸ್ಕತ್ತಿನ ಗಣಪ, ಅದರ ಮರುವರ್ಷ ತೆಂಗಿನಕಾಯಿಯದೋ ಬಳೆಯದೋ. ಒಳಗೆ ಅದೇ ಚೌಕಟ್ಟು, ಅದೇ ಹೊಟ್ಟೆ, ಅದೇ ಅಭಯಹಸ್ತ. ನಾಣ್ಯ ಕಿತ್ತು ಬಿಸ್ಕತ್ತು ಅಂಟಿಸಿದರೆ ಏನೂ ಕೆಡುವುದಿಲ್ಲ, ಯಾಕೆಂದರೆ ಅಲ್ಲಿ ಏನೂ ಆಗಿಯೇ ಇಲ್ಲ. ಲಾಲ್‌ಬಾಗಿನ ಗಾಜಿನಮನೆಯಲ್ಲಿ ಗುಲಾಬಿ ಚುಚ್ಚಿ ನಿಲ್ಲಿಸುವ ಸ್ಮಾರಕಗಳದ್ದೂ ಇದೇ ಕಥೆ. ಹೂವು ಚೆಂದ, ಚುಚ್ಚಿದವರ ತಾಳ್ಮೆ ದೊಡ್ಡದು. ಆದರೆ ಆ ಹೂವಿಗೂ ಆ ಕಟ್ಟಡಕ್ಕೂ ಸಂಬಂಧ ಅಂಟಿನಷ್ಟೇ.

ಈ ಒರೆಗಲ್ಲಿಗೆ ಸ್ವಲ್ಪ ತೊಡಕು ತರುವವನು ಬೆಣ್ಣೆ ಅಲಂಕಾರದ ಆಂಜನೇಯ. ಅದೂ ಮೆತ್ತಿದ್ದೇ ತಾನೆ, ಒಳಗೆ ಕಲ್ಲೇ ಇದೆಯಲ್ಲ? ಹೌದು. ಆದರೆ ಅರ್ಚಕರು ಬೆಣ್ಣೆಯನ್ನು ತಣ್ಣೀರಲ್ಲಿಟ್ಟು, ಬೆರಳು ಒದ್ದೆ ಮಾಡಿಕೊಂಡು, ಕರಗುವ ಮುಂಚೆ ಕೆನ್ನೆ ತುಂಬಿ ಮೀಸೆ ತಿದ್ದುವುದನ್ನು ನೋಡಿದವರು ಅದನ್ನು ಬರೀ ಲೇಪ ಎನ್ನಲಾರರು. ಬೆಣ್ಣೆ ಬದಲು ಡಾಲ್ಡಾ ಮೆತ್ತಿ ನೋಡಿ, ಭಕ್ತರು ಏನನ್ನುತ್ತಾರೆ ಗೊತ್ತಾಗುತ್ತದೆ. ಪ್ರಸಾದವಾಗಿ ಬಾಯಿಗೆ ಬರುವ ಶಿಲ್ಪ ಅದು. ಆಂಜನೇಯ ಪಾಸು.

ದಿನಬಳಕೆಯ ವಸ್ತುವನ್ನೇ ಶಿಲ್ಪವಾಗಿಸುವ ವಿಷಯದಲ್ಲಿ ಕನ್ನಡ ನಾಡಿನಿಂದ ಹೋಗಿ ಲೋಕವೇ ನಿಂತು ನೋಡುವಂತೆ ಮಾಡಿದವರು ಕಲಾವಿದೆ ಶೀಲಾ ಗೌಡ. 1957ರಲ್ಲಿ ಭದ್ರಾವತಿಯಲ್ಲಿ ಹುಟ್ಟಿದವರು. ಬೆಂಗಳೂರಿನ ಕೆನ್ ಕಲಾಶಾಲೆ, ಶಾಂತಿನಿಕೇತನ, ಲಂಡನ್ನಿನ ರಾಯಲ್ ಕಾಲೇಜು ಎಂದು ಓದಿದ್ದೆಲ್ಲ ಚಿತ್ರಕಲೆ. 1990ರ ದಶಕದ ಆರಂಭದಲ್ಲಿ, ದೇಶ ಕೋಮುಗಲಭೆಯಲ್ಲಿ ಉರಿಯುತ್ತಿದ್ದ ಹೊತ್ತಿನಲ್ಲಿ, ಅವರು ಬಣ್ಣದ ಟ್ಯೂಬು ಬಿಟ್ಟು ಸಗಣಿಗೆ ಕೈಹಾಕಿದರು. 1998ರಲ್ಲಿ ಸೂಜಿಗಳಿಗೆ ಉದ್ದುದ್ದ ದಾರ ಪೋಣಿಸಿ, ದಾರಕ್ಕೆಲ್ಲ ಅಂಟಿನ ಜೊತೆ ಕುಂಕುಮ ಬಳಿದು, ದಪ್ಪ ಕೆಂಪು ಹಗ್ಗ ಮಾಡಿ ಗೋಡೆ ನೆಲಗಳ ಮೇಲೆ ಹರಿಯಬಿಟ್ಟರು. ಹಗ್ಗದ ತುದಿಯಲ್ಲಿ ಸೂಜಿಗಳು ಗೊಂಚಲಾಗಿ ತೂಗುತ್ತವೆ. ಹೊಲಿಗೆ ಹಾಕುವ ಕೈ, ಕುಂಕುಮ ಇಡುವ ಹಣೆ, ಚುಚ್ಚಿದಾಗ ಬರುವ ರಕ್ತ ಎಲ್ಲವೂ ಅಲ್ಲಿವೆ. ಹೆಣ್ಣಿನ ಪ್ರತಿಮೆ ಒಂದೂ ಇಲ್ಲ.

2006ರ ಕೃತಿ ಡಾಂಬರು ಡ್ರಮ್ಮುಗಳದ್ದು. ರಸ್ತೆ ಕೆಲಸದವರು ಖಾಲಿ ಡ್ರಮ್ಮನ್ನು ಬಿಡಿಸಿ ತಗಡು ಮಾಡಿ ಗುಡಿಸಲು ಕಟ್ಟಿಕೊಳ್ಳುವುದನ್ನು ನಾವೆಲ್ಲ ಬಸ್ಸಿನಿಂದ ನೋಡಿದ್ದೇವೆ, ನೋಡಿ ಮರೆತಿದ್ದೇವೆ. ಶೀಲಾ ಗೌಡ ಅದೇ ಡ್ರಮ್ಮುಗಳನ್ನು ಕಂಬದಂತೆ ಜೋಡಿಸಿ, ತಗಡು ಹೊದಿಸಿ, ಬಗ್ಗಿ ಹೊಗಬೇಕಾದ ಒಂದು ಕತ್ತಲಕೋಣೆ ಕಟ್ಟಿದರು. ಹೊರಗಿನಿಂದ ಅರಮನೆಯ ಗತ್ತು. ಒಳಗೆ ಹೋಗಿ ತಲೆಯೆತ್ತಿದರೆ ಸೂರಿನ ತೂತುಗಳಲ್ಲಿ ನಕ್ಷತ್ರ. ಗುಡಿಸಲಲ್ಲಿ ಮಲಗುವವನಿಗೆ ಆ ತೂತು ಸೋರುವ ಜಾಗ ಎಂಬುದೂ ನೋಡುವವನಿಗೆ ಹೊಳೆಯದೆ ಇರದು. ಕರುಣೆಯ ಭಾಷಣವಿಲ್ಲದೆ ಇಷ್ಟನ್ನು ಹೇಳಲು ಡಾಂಬರಿನ ಡ್ರಮ್ಮಿಗಲ್ಲದೆ ಅಮೃತಶಿಲೆಗೆ ಸಾಧ್ಯವಿತ್ತೆ?

ಇನ್ನೊಂದು, 2009ರಲ್ಲಿ ವೆನಿಸ್ ಬಿನಾಲೆಯಲ್ಲಿ ಕಂಡದ್ದು, ಕೂದಲಿನದು. ನಮ್ಮ ಕಡೆ ಹೊಸ ಗಾಡಿ ಬಂದರೆ ದೃಷ್ಟಿಯಾಗದಿರಲೆಂದು ಬಂಪರಿಗೆ ಕಪ್ಪು ಕೂದಲಿನ ಹಗ್ಗ ಕಟ್ಟುತ್ತೇವಲ್ಲ, ಅದೇ. ದೇವಸ್ಥಾನಗಳಲ್ಲಿ ಮುಡಿ ಕೊಟ್ಟ ಕೂದಲು ಹಗ್ಗವಾಗಿ ಮಾರಾಟಕ್ಕೆ ಬರುತ್ತದೆ. ಸುಮಾರು 4,000 ಮೀಟರ್ ಅಂಥ ಹಗ್ಗದಲ್ಲಿ ಅವರು ಕಾರಿನ ಹೊಳೆಯುವ ಬಂಪರುಗಳನ್ನು ತೂಗುಹಾಕಿದರು. ಬಂಪರು ಬಿದ್ದರೆ ಕಾಲು ಮುರಿದೀತು, ಅದನ್ನು ಹೊತ್ತದ್ದು ಯಾರದೋ ಹರಕೆಯ ತಲೆಗೂದಲು. ಈಗ ಆ ಕೃತಿ ಲಂಡನ್ನಿನ ಟೇಟ್ ಕಲಾಸಂಗ್ರಹಾಲಯದ ಸಂಗ್ರಹದಲ್ಲಿದೆ.

ಇಂಥ ಶಿಲ್ಪದ ಮಾತು ಬಂದಾಗ ಪಿಕಾಸೊ 1942ರಲ್ಲಿ ಸೈಕಲ್ಲಿನ ಸೀಟು ಮತ್ತು ಹ್ಯಾಂಡಲ್ ಜೋಡಿಸಿ ಗೂಳಿಯ ತಲೆ ಮಾಡಿದ್ದನ್ನು ಎಲ್ಲರೂ ಹೇಳುತ್ತಾರೆ. ಸೀಟು ಸೀಟಾಗಿಯೇ ಉಳಿದು ಗೂಳಿಯಾಗುವುದು ಅದರ ಸೊಗಸು. ಮುಂದೆ ಅದನ್ನು ಕಂಚಿನಲ್ಲೂ ಎರಕ ಹೊಯ್ಸಿದರು. ನನಗೆ ಆ ಕಂಚು ಬೇಡವಾಗಿತ್ತು. ಚಂಡೀಗಡದಲ್ಲಿ ನೇಕ್ ಚಂದ್ ಎಂಬ ರಸ್ತೆ ಇನ್‌ಸ್ಪೆಕ್ಟರು 1957ರಿಂದ ಯಾರಿಗೂ ಹೇಳದೆ ಒಡೆದ ಬಳೆ, ಪಿಂಗಾಣಿ ಚೂರು, ಕಟ್ಟಡದ ಕಸದಲ್ಲಿ ಒಂದು ಲೋಕವನ್ನೇ ಕಟ್ಟಿದರು. ಯೋಜನೆ ಹಾಕಿ ಕಟ್ಟಿದ ನಗರ ತನಗೆ ಬೇಡವೆಂದು ಎಸೆದದ್ದೇ ಅವರ ಸಾಮಗ್ರಿ. 1976ರಲ್ಲಿ ಸರ್ಕಾರವೇ ಅದನ್ನು ಜನರಿಗೆ ತೆರೆಯಬೇಕಾಯಿತು.

ಟೇಕಲ್ಲಿಗೆ ವಾಪಸು ಬರೋಣ, ಯಾಕೆಂದರೆ ಇಲ್ಲಿಯ ಹೊಲಗಳಲ್ಲಿ ಇಂಥ ಶಿಲ್ಪಕ್ಕೆ ಪ್ರದರ್ಶನಶಾಲೆಯೇ ಬೇಕಿಲ್ಲ. ನಾನು ಹೇಳುತ್ತಿರುವುದು ಹೊಲ ಕಾಯುವ ಬೆರ್ಚಪ್ಪನ ಬಗ್ಗೆ. ಮೊದಲೆಲ್ಲ ನೀಲಗಿರಿಯ ಎರಡು ಕೋಲು ಅಡ್ಡಡ್ಡ ಕಟ್ಟಿ, ಹುಲ್ಲು ತುರುಕಿ, ತಲೆಗೆ ಮಸಿಗಡಿಗೆ ಬೋರಲು ಹಾಕಿ ಸುಣ್ಣದ ಬೊಟ್ಟು ಇಟ್ಟರೆ ಮುಗಿಯಿತು. ಈಗ ಅವನ ಅಂಗಾಂಗ ಬದಲಾಗಿವೆ. ಬೆನ್ನೆಲುಬಿಗೆ ಒಡೆದ ಪಿವಿಸಿ ಪೈಪು, ಕೈಗಳಿಗೆ ಹಳೆ ಡ್ರಿಪ್ ಪೈಪು, ತಲೆಗೆ ಗಾಜಿಲ್ಲದ ಹೆಲ್ಮೆಟ್ಟು. ಮೈಗೆ ಫ್ಲೆಕ್ಸು ಸುತ್ತಿದ್ದರೆ ಯಾವುದೋ ಮುಖಂಡರ ಹುಟ್ಟುಹಬ್ಬದ ಶುಭಾಶಯ ಅಡಿಮೇಲಾಗಿ ನಿಂತು ಟೊಮೇಟೊ ಕಾಯುತ್ತಿರುತ್ತದೆ. ಜನಸೇವೆಯೆಂದು ಬರೆದುಕೊಂಡದ್ದು ಅಲ್ಲಿಯಾದರೂ ನಿಜವಾಗುತ್ತದೆ. ಅಕ್ಕಪಕ್ಕದಲ್ಲಿ ದಾರಕ್ಕೆ ಕಟ್ಟಿದ ಹಳೆ ಸಿ.ಡಿ.ಗಳು ಬಿಸಿಲಿಗೆ ಮಿಂಚುತ್ತವೆ. ಕ್ಯಾಸೆಟ್ಟಿನ ಟೇಪನ್ನು ಗೂಟದಿಂದ ಗೂಟಕ್ಕೆ ಬಿಗಿದಿದ್ದರೆ ಗಾಳಿಗೆ ಗುಂಯ್‌ಗುಡುತ್ತದೆ.

ಕಡಲೇಕಾಯಿ ಹೊಲದಲ್ಲಿ ಇಂಥವನೊಬ್ಬನ ಅಂಗಿ ಬಹಳ ಕೊಳಕಾಗಿತ್ತು. ಕಳೆ ಕೀಳುತ್ತಿದ್ದ ಹೆಂಗಸನ್ನು, ‘ಏನಮ್ಮ, ಒಗೆದಾದರೂ ಹಾಕಬಾರದಿತ್ತೆ?’ ಎಂದೆ. ಅವರು ತಲೆಯೆತ್ತದೆ, ‘ಒಗೀಬಾರ್ದಣ್ಣ. ಒಗೆದ್ರೆ ಬೆವರಿನ ವಾಸ್ನೆ ಹೋಗ್ಬಿಡ್ತದೆ. ಹಂದಿ ಕಣ್ಣಲ್ಲಿ ನೋಡಲ್ಲ, ಮೂಗಲ್ಲಿ ನೋಡ್ತದೆ’ ಎಂದರು. ಹಕ್ಕಿಗೆ ಕಣ್ಣಿನ ಶಿಲ್ಪ, ಹಂದಿಗೆ ಮೂಗಿನ ಶಿಲ್ಪ, ಎರಡೂ ಒಂದೇ ಕೋಲಿನ ಮೇಲೆ. ಬದುವಿನ ಸುತ್ತ ಕ್ಷೌರದಂಗಡಿಯಿಂದ ತಂದ ಕೂದಲು ಚೆಲ್ಲುವವರೂ ಇದ್ದಾರೆ, ಹಂದಿಯ ಮೂಗಿಗೇ. ಟೇಟ್‌ನಲ್ಲಿರುವ ಕೂದಲೂ ಬದುವಿನ ಕೂದಲೂ ಮೂಲದಲ್ಲಿ ಮಾಡುತ್ತಿದ್ದದ್ದು ಒಂದೇ ಕೆಲಸ, ಕಾಯುವುದು.

ಬೆರ್ಚಪ್ಪನನ್ನು ಮಾಡುವುದಕ್ಕಿಂತ ನಡೆಸುವುದು ಕಷ್ಟ. ಒಂದೇ ಕಡೆ ನಿಂತರೆ ಕಾಗೆ ನಾಲ್ಕು ದಿನದಲ್ಲಿ ಲೆಕ್ಕಾಚಾರ ಮುಗಿಸಿ ಹೆಲ್ಮೆಟ್ಟಿನ ಮೇಲೆ ಬಂದು ಕೂರುತ್ತದೆ. ಅಷ್ಟರೊಳಗೆ ಜಾಗ ಬದಲಿಸಬೇಕು, ಅಂಗಿ ಬದಲಿಸಬೇಕು, ತೋಳು ಬೇರೆ ಕಡೆಗೆ ತಿರುಗಿಸಬೇಕು. ಅಂದರೆ ತನ್ನ ಕೃತಿ ಎಷ್ಟು ದಿನ ಕೆಲಸ ಮಾಡುತ್ತದೆ ಎಂಬುದು ಆ ರೈತನಿಗೆ ಮೊದಲೇ ಗೊತ್ತು. ಪೆಂಡಾಲಿನ ಬಿಸ್ಕತ್ತು ಗಣಪನ ಮುಂದೆ ನಿಂತವರು ಎಷ್ಟು ಸಾವಿರ ಬಿಸ್ಕತ್ತು ಎಂದು ಕೇಳುತ್ತಾರೆ. ಬೆರ್ಚಪ್ಪನ ಮುಂದೆ ಯಾರೂ ಎಷ್ಟು ಹುಲ್ಲು ಎಂದು ಕೇಳಿದ್ದಿಲ್ಲ. ನಮ್ಮ ಕಲಾಶಾಲೆಗಳ ಹುಡುಗ ಹುಡುಗಿಯರನ್ನು ಶಿವಾರಪಟ್ಟಣಕ್ಕೆ ಕರೆದೊಯ್ಯುವ ಮೇಷ್ಟರುಗಳು ಮಧ್ಯಾಹ್ನದ ಮೇಲೆ ಒಂದು ತಾಸು ಇವನ ಬಳಿಗೂ ಕರೆತಂದರೆ ನಷ್ಟವಿಲ್ಲ.

ಬರುವುದಾದರೆ ಕಡಲೇಕಾಯಿ ಕೀಳುವ ಮುಂಚೆ ಬನ್ನಿ, ಆಮೇಲೆ ಸಿಗುವುದಿಲ್ಲ. ಬದುವಿನಿಂದಲೇ ನೋಡಿ, ಕಾಯಿ ತುಳಿಯಬೇಡಿ. ಫೋಟೊ ತೆಗೆಯುವ ಮುಂಚೆ ಹೊಲದವರನ್ನು ಒಂದು ಮಾತು ಕೇಳಿ. ಅಂಗಿ ಅವರ ಮನೆಯವರದು.